ಪಾತ್ರವು ಕವಲೊಡೆಯುವ ಕಾಲ

ಮೇಜಿನ ಸುತ್ತ ಕುಳಿತು, ದಾಳವನ್ನುರುಳಿಸಿ, ಮಾತಿನಿಂದಲೇ ಕಥೆಯನ್ನು ಕಟ್ಟುವ, 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ, ಆಟಗಾರನು ತನ್ನ ಯೋಧನನ್ನೋ ಮಾಂತ್ರಿಕನನ್ನೋ ಒಂದು ವಿಶೇಷವಿದ್ಯೆಗೆ ಮೀಸಲಾಗಿಸಬೇಕಾದುದು ಯಾವ ಹಂತದಲ್ಲಿ ಎಂಬ ಪ್ರಶ್ನೆಗೆ, ಶಿಕಾರಿಪುರ ಸೊರಬಗಳ ನಡುವಣ ತೊಗರ್ಸಿಯ ಕಡೆಯಲ್ಲಿ ಯಕ್ಷಗಾನವನ್ನು ಇರುಳೆಲ್ಲ ಕಂಡು ಬಲ್ಲವರು ಸುಲಭವಾಗಿಯೇ ಉತ್ತರವನ್ನು ಹೇಳಬಲ್ಲರು.

ಯಕ್ಷಗಾನದ ಬಡಗುತಿಟ್ಟಿನ ಮೇಳಕ್ಕೆ ಸೇರಿದ ಬಾಲಕನು ಆ ಕೂಡಲೆ ಎರಡನೆಯ ವೇಷ, ಬಣ್ಣದ ವೇಷ ಮೊದಲಾದ ಮುಖ್ಯ ಪಾತ್ರವರ್ಗಗಳಲ್ಲೊಂದಕ್ಕೆ ನಿಯುಕ್ತನಾಗುತ್ತಿರಲಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ತಾಳಕ್ಕೆ ಹೆಜ್ಜೆಯನ್ನೊಪ್ಪಿಸಿ, ಸ್ತ್ರೀವೇಷದಲ್ಲಿ ಲಾಸ್ಯವನ್ನರಿತು, ಹಿರಿಯರ ಅರ್ಥಗಾರಿಕೆಯನ್ನು ಕಿವಿಯಾರೆ ಆಲಿಸಿದ ಬಳಿಕವೇ ಆತನ ಶರೀರ, ಶಾರೀರ, ಸ್ವಭಾವಗಳು ಯಾವ ವೇಷಕ್ಕೆ ಒಗ್ಗುವುವೆಂಬುದು ಭಾಗವತನಿಗೂ ಸ್ವತಃ ಅವನಿಗೂ ಗೋಚರವಾಗುತ್ತಿದ್ದಿತು.

ಮತ್ತೆ ದಾಳದ ಆಟಕ್ಕೆ ಬಂದರೆ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2014ರ ನಿಯಮಗ್ರಂಥದಲ್ಲಿ ದೇವೋಪಾಸಕನು 1ನೆಯ ಹಂತದಲ್ಲಿಯೂ, ಮಾಂತ್ರಿಕನು 2ನೆಯದರಲ್ಲಿಯೂ, ಯೋಧನು 3ನೆಯದರಲ್ಲಿಯೂ ತನ್ನ ವಿಶೇಷವಿದ್ಯೆಯ ಕವಲನ್ನು ಆರಿಸಬೇಕಾಗಿದ್ದಿತು; 2024ರ ಪರಿಷ್ಕರಣವು ಎಲ್ಲರಿಗೂ 3ನೆಯ ಹಂತವನ್ನೇ ವಿಧಿಸಿತು. ಹೊಸಬರಿಗೆ ಇದು ನಿಶ್ಚಯವಾಗಿಯೂ ಹಿತಕರವೆಂದೇ ನನ್ನ ಮತ. ಯೋಧನ ಕತ್ತಿ ಯಾರ ರಕ್ಷಣೆಗಾಗಿ ಮೇಲೇಳುವುದು, ಮಾಂತ್ರಿಕನು ಭಯಕ್ಕೆ ಹೇಗೆ ಪ್ರತಿಕ್ರಿಯಿಸುವನು ಎಂಬುದು ಕೆಲವು ಸಾಹಸಗಳು ಕಳೆಯುವವರೆಗೆ ಆಟಗಾರನಿಗೂ ತಿಳಿದಿರುವುದಿಲ್ಲವಷ್ಟೆ.

ಆದರೆ ದೈವವೊಂದನ್ನು ನಂಬಿಯೇ ಮನೆಬಿಟ್ಟು ಹೊರಟ ಉಪಾಸಕನ ವಿಷಯ ಬೇರೆ: ಆ ದೈವವಾವುದೆಂಬುದನ್ನು ಕಥೆಯ ಆರಂಭದಲ್ಲಿಯೇ ನಿರ್ಣಯಿಸಿಕೊಳ್ಳಲಿ, ಅದರಿಂದೊದಗುವ ವಿಶೇಷಶಕ್ತಿಗಳು ಮಾತ್ರ 3ನೆಯ ಹಂತದವರೆಗೆ ಕಾದಿರಲಿ.