ಅಪ್ಲೈ ಮಾಡುವುದೂ ಹಚ್ಚುವುದೂ

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಲ್ಲಿ ‘ಅಪ್ಲೈ’ ಎಂಬ ಇಂಗ್ಲಿಷ್ ಪದ ಕೇಳದವರು ಸಿಗುವುದು ಕಷ್ಟ. ಜಾತಿ-ಆದಾಯ ಪ್ರಮಾಣಪತ್ರಕ್ಕೆ, ಪಡಿತರ ಚೀಟಿಗೆ, ಬೆಳೆ ವಿಮೆಗೆ, ಸಂವಿಧಾನದ 371ಜೆ ವಿಧಿಯ ಮೀಸಲಾತಿಯಡಿ ಕರೆದ ಹುದ್ದೆಗೆ, ಎಲ್ಲದಕ್ಕೂ ಜನ ಅಪ್ಲೈ ಮಾಡುತ್ತಾರೆ. ಶಾಲೆಯ ಇಂಗ್ಲಿಷ್ ಗೈಡಿನ ಶಬ್ದಪಟ್ಟಿಯೂ ಇದನ್ನೇ ಹೇಳುತ್ತದೆ: ಅಪ್ಲೈ ಎಂದರೆ ಅರ್ಜಿ ಹಾಕು. ತಪ್ಪೇನಿಲ್ಲ. ಆದರೆ ಅದೇ ಪದ ಮುಲಾಮಿನ ಟ್ಯೂಬಿನ ಮೇಲೆ, ಗೊಬ್ಬರದ ಚೀಲದ ಮೇಲೆ, ‘ಕಂಡಿಷನ್ಸ್ ಅಪ್ಲೈ’ ಎನ್ನುವ ಜಾಹೀರಾತಿನ ಸಣ್ಣ ಅಕ್ಷರದಲ್ಲಿ ಬಂದಾಗ ಪಟ್ಟಿಯ ಅರ್ಥ ಕೈಕೊಡುತ್ತದೆ. ಮುಲಾಮಿಗೆ ಯಾರು ಅರ್ಜಿ ಹಾಕುತ್ತಾರೆ? ಒಂದು ಪದಕ್ಕೆ ಒಂದು ಅರ್ಥ ಎಂದು ಬಾಯಿಪಾಠ ಮಾಡಿಸಿದರೆ ಪದ ಕಲಿಸಿದಂತಾಗುವುದಿಲ್ಲ. ಅದನ್ನು ಕಲಿಸಲು ಬೇಕಾದ ಸಾಮಗ್ರಿಯೋ ಈ ಗಡಿಸೀಮೆಯ ಮಕ್ಕಳ ನಾಲಿಗೆಯ ಮೇಲೆ ಆಗಲೇ ಇದೆ. ಶಾಲೆ ಅದನ್ನು ಬಳಸಿಕೊಳ್ಳುತ್ತಿಲ್ಲ ಎಂಬುದೇ ನನ್ನ ತಕರಾರು.

ಉತ್ತರ ಕರ್ನಾಟಕದ ‘ಹಚ್ಚು’ ಎಂಬ ಕ್ರಿಯಾಪದವನ್ನೇ ನೋಡಿ. ದೀಪ ಹಚ್ಚುತ್ತಾರೆ, ತಲೆಗೆ ಎಣ್ಣೆ ಹಚ್ಚುತ್ತಾರೆ, ಮಗನನ್ನು ಸಾಲಿಗೆ ಹಚ್ಚುತ್ತಾರೆ, ಆಳನ್ನು ಕೆಲಸಕ್ಕೆ ಹಚ್ಚುತ್ತಾರೆ, ಈಗ ಫೋನನ್ನೂ ಹಚ್ಚುತ್ತಾರೆ. ಇವುಗಳಲ್ಲಿ ಯಾವುದನ್ನೂ ಯಾವ ಮಗುವೂ ನಿಘಂಟು ತೆರೆದು ಕಲಿತಿಲ್ಲ. ಜೊತೆಗಿರುವ ಪದ ಎಣ್ಣೆಯೋ ದೀಪವೋ ಎಂಬುದರಿಂದಲೇ ಅರ್ಥ ಹೊಳೆಯುತ್ತದೆ. ಲ್ಯಾಟಿನ್ ಮೂಲದಲ್ಲಿ ‘ಅಪ್ಲೈ’ ಪದಕ್ಕೂ ಒಂದಕ್ಕೆ ಇನ್ನೊಂದನ್ನು ಸೇರಿಸು, ತಾಗಿಸು ಎಂಬ ಭಾವವೇ ಇತ್ತು. ಗಾಯಕ್ಕೆ ಮುಲಾಮು, ಹೊಲಕ್ಕೆ ಗೊಬ್ಬರ, ಪ್ರಕರಣಕ್ಕೆ ನಿಯಮ, ವಿಷಯಕ್ಕೆ ಬುದ್ಧಿ: ಎಲ್ಲೆಲ್ಲೂ ಒಂದನ್ನು ಇನ್ನೊಂದಕ್ಕೆ ಹಚ್ಚುವ ಕೆಲಸವೇ. ‘ಬುದ್ಧಿ ಹಚ್ಚಿ ಓದು’ ಎಂದು ಗದರಿಸಿಕೊಂಡ ಹುಡುಗನಿಗೆ ‘ಅಪ್ಲೈ ಯುವರ್ ಮೈಂಡ್’ ಪರಕೀಯವೇನಲ್ಲ. ಹಾಗೆಂದು ಎರಡೂ ಸಮ ಎಂದು ಹೊರಟರೆ ಕೆಡುತ್ತದೆ. ಇಂಗ್ಲಿಷಿನಲ್ಲಿ ದೀಪವನ್ನಾಗಲಿ ಫೋನನ್ನಾಗಲಿ ಅಪ್ಲೈ ಮಾಡಲು ಬರುವುದಿಲ್ಲ. ಎಲ್ಲಿಯವರೆಗೆ ಹೋಲುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ಗುರುತಿಸುವುದೇ ಬಳಕೆಯ ಪಾಠ.

ನಿಜವಾದ ತೊಡಕು ಅರ್ಥದಲ್ಲಿಲ್ಲ, ಪದದ ನಂತರ ಬರುವ ಚಿಕ್ಕ ಪದಗಳಲ್ಲಿದೆ. ಕನ್ನಡದಲ್ಲಿ ‘ಹುದ್ದೆಗೆ ಅರ್ಜಿ’ ಎಂದರೂ ‘ಕಚೇರಿಗೆ ಅರ್ಜಿ’ ಎಂದರೂ ಅದೇ ‘ಗೆ’. ಇಂಗ್ಲಿಷಿನಲ್ಲಿ ಬೇಕಾದ ವಸ್ತುವಿಗೆ ‘ಫಾರ್’, ಕೊಡುವವರಿಗೆ ‘ಟು’. ಕನ್ನಡದ ಒಂದು ಪ್ರತ್ಯಯ ಅಲ್ಲಿ ಎರಡಾಗಿ ಒಡೆಯುವುದರಿಂದಲೇ ಮಕ್ಕಳು ತಡವರಿಸುವುದು, ದಡ್ಡತನದಿಂದಲ್ಲ. ‘ಲೀವ್ ಅಪ್ಲೈ ಮಾಡಿದೆ’ ಎನ್ನುವ ನಗರದ ನೌಕರರೂ ಇದೇ ಕಾರಣಕ್ಕೆ ಇಂಗ್ಲಿಷಿನಲ್ಲಿ ‘ಫಾರ್’ ನುಂಗುತ್ತಾರೆ. ನಾವು ರಜೆಯನ್ನು ‘ಹಾಕುವ’ ಜನ, ನಡುವೆ ಏನೂ ಬೇಕಾಗುವುದಿಲ್ಲ. ಮುಡಬಿಗೆ ಇಲ್ಲೊಂದು ಅನುಕೂಲವಿದೆ. ಮಹಾರಾಷ್ಟ್ರದ ಗಡಿ ದೂರವಿಲ್ಲ, ಮರಾಠಿ ಸಂತೆಯಲ್ಲೂ ನೆಂಟಸ್ತಿಕೆಯಲ್ಲೂ ಕಿವಿಗೆ ಬೀಳುತ್ತದೆ. ಮರಾಠಿಯಲ್ಲಿ ಅರ್ಜಿ ‘ನೋಕರೀಸಾಠೀ’, ಆದರೆ ‘ತಹಸೀಲದಾರಾಕಡೇ’. ಉರ್ದುವಿನಲ್ಲೂ ‘ನೌಕರಿ ಕೆ ಲಿಯೆ’ ಬೇರೆ, ‘ತಹಸೀಲ್ದಾರ್ ಕೊ’ ಬೇರೆ. ನಮ್ಮ ‘ಸಲುವಾಗಿ’ಯನ್ನು ನೆನಪಿಸಿಕೊಂಡರೆ ಕನ್ನಡದಲ್ಲೂ ‘ಫಾರ್’ ಸಿಗುತ್ತದೆ. ಈ ಮೂರು ಭಾಷೆಗಳ ರೂಪಗಳನ್ನು ಹಲಗೆಯ ಮೇಲೆ ಪಕ್ಕಪಕ್ಕ ಬರೆದರೆ ಒಂದು ಪುಟದ ವ್ಯಾಕರಣ ಉಳಿಯುತ್ತದೆ.

ಜೊತೆಗಿರುವ ಪದಗಳಿಂದ ಅರ್ಥ ಕಲಿಯುವುದು ಹೊಸ ತತ್ತ್ವವಲ್ಲ. 1920ರ ದಶಕದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಜೆ.ಆರ್. ಫರ್ತ್ ಮುಂದೆ ಲಂಡನ್ನಿನಲ್ಲಿ ಪ್ರತಿಪಾದಿಸಿದ್ದು ಇದನ್ನೇ: ಪದದ ಅರ್ಥವನ್ನು ಅದರ ಒಡನಾಡಿಗಳಲ್ಲಿ ಹುಡುಕಬೇಕು. ಇಂಗ್ಲಿಷಿನಲ್ಲಿ ಟೀ ‘ಸ್ಟ್ರಾಂಗ್’ ಆಗುತ್ತದೆ, ‘ಪವರ್‌ಫುಲ್’ ಆಗುವುದಿಲ್ಲ. ನಮ್ಮಲ್ಲಿ ಚಾ ಕಡಕ್ ಆಗುತ್ತದೆ, ಗಟ್ಟಿಮುಟ್ಟಾಗುವುದಿಲ್ಲ. ಎ.ಎಸ್. ಹಾರ್ನ್‌ಬಿ ಜಪಾನಿನ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿ, 1948ರಲ್ಲಿ ಆಕ್ಸ್‌ಫರ್ಡ್ ಮೂಲಕ ಜಗತ್ತಿಗೆ ಬಂದ ನಿಘಂಟು ಕ್ರಿಯಾಪದ ಯಾವ ವಾಕ್ಯವಿನ್ಯಾಸದಲ್ಲಿ ಕೂರುತ್ತದೆಂಬುದನ್ನೂ ತೋರಿಸಿತು. ಅವರೆಲ್ಲರಿಗಿಂತ ಮೊದಲೇ ಬೀದರ ಸೀಮೆಯ ಜನ ಇದನ್ನು ಮಾಡಿ ತೋರಿಸಿದ್ದರು. ನಿಜಾಮರ ಹೈದರಾಬಾದಿನಲ್ಲಿ ಕಚೇರಿಯ ಭಾಷೆ ಉರ್ದು. ಅರ್ಜಿ, ದರಖಾಸ್ತು, ಮಂಜೂರು, ವಾಯಿದೆ ಎಂಬ ಪದಗಳನ್ನು ಓದುಬರಹವಿಲ್ಲದ ರೈತರೂ ಸರಿಯಾದ ಜಾಗದಲ್ಲಿ ಬಳಸಿದರು, ಏಕೆಂದರೆ ಪದದ ಜೊತೆಗೇ ಕಚೇರಿ, ಕಾಗದ, ಕೆಲಸ ಕಣ್ಣಮುಂದೆ ಇದ್ದವು.

ಅಲ್ಲಿಗೇ ದೊಡ್ಡ ಆಕ್ಷೇಪ ಏಳುತ್ತದೆ: ಉರ್ದು ಊರಲ್ಲಿತ್ತು, ಇಂಗ್ಲಿಷ್ ಆಡುವವರು ಮುಡಬಿಯಲ್ಲಿ ಎಷ್ಟಿದ್ದಾರೆ? ನಿಜ, ಆಡುವ ಇಂಗ್ಲಿಷ್ ಕಡಿಮೆ. ಆದರೆ ಓದುವ ಇಂಗ್ಲಿಷ್ ಔಷಧದ ಡಬ್ಬಿ, ಬ್ಯಾಂಕಿನ ಫಾರಂ, ಮೊಬೈಲು, ನೇಮಕಾತಿ ಪ್ರಕಟಣೆಗಳಲ್ಲಿ ಮನೆಮನೆಗೂ ಬಂದಿದೆ, ಮತ್ತು ಪಠ್ಯಕ್ಕಿಂತ ಹೆಚ್ಚು ಗರಜಿನದ್ದಾಗಿದೆ. ಇನ್ನೊಂದು ಆಕ್ಷೇಪ ಸಮಯದ್ದು: ಒಂದೇ ಪದಕ್ಕೆ ಒಂದು ಪಿರಿಯಡ್ ಕಳೆದರೆ ಸಾವಿರಾರು ಪದಗಳ ಗತಿಯೇನು? ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಪಟ್ಟಿಯನ್ನು ಪ್ರಕಟಿಸಿದರು. ಸಾಮಾನ್ಯ ಬರಹದ ಬಹುಪಾಲು ಇಷ್ಟರಲ್ಲೇ ನಡೆಯುತ್ತದೆ. ಹಾಗೆ ಪದೇಪದೇ ಬರುವ ಪದಗಳೇ ಬಹುರೂಪಿಗಳು. ಅಪರೂಪದ ಪದಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ, ಅದಕ್ಕೆ ಪಟ್ಟಿ ಸಾಕು. ಕನ್ನಡ-ಮರಾಠಿ ತಂದರೆ ಇಂಗ್ಲಿಷ್ ಕಲಬೆರಕೆಯಾಗುತ್ತದೆ ಎಂಬ ಅಂಜಿಕೆಯೂ ಉಂಟು. ಹೋಲಿಕೆಯನ್ನು ಮಾಸ್ತರರು ಮಾಡದಿದ್ದರೆ ಮಗು ತನ್ನಷ್ಟಕ್ಕೆ, ತಪ್ಪಾಗಿಯಾದರೂ, ಮಾಡಿಕೊಂಡೇ ತೀರುತ್ತದೆ.

ಉಳಿದದ್ದು ಪರೀಕ್ಷೆ. ಅಂಕ ಕೊಡುವುದು ಪಟ್ಟಿ ಎಂಬ ಮಾತು ಅರ್ಧ ನಿಜ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ, ಹತ್ತನೇ ತರಗತಿಯಲ್ಲಿ ಪತ್ರ ಬರೆಯಲು ಕೇಳುತ್ತಾರೆ. ಅಲ್ಲಿ ‘ಅಪ್ಲೈ’ ಪದದ ಅರ್ಥವನ್ನು ಯಾರೂ ಕೇಳುವುದಿಲ್ಲ. ಯಾರಿಗೆ, ಯಾವುದರ ಸಲುವಾಗಿ ಎಂಬುದನ್ನು ವಾಕ್ಯದಲ್ಲಿಟ್ಟು ತೋರಿಸಬೇಕಾಗುತ್ತದೆ.