ತಾತನ ಬೈಕು ಹಗುರವಾಯಿತು

ಮಕ್ಕಳೇ, ಕಳೆದ ದೀಪಾವಳಿಗೆ ಗೇಟಿನ ಮುಂದೆ ನಿಂತಿದ್ದ ನನ್ನ ಕ್ಲಾಸಿಕ್ 350 ಬೈಕು ವಾಲಿಬಿಟ್ಟಿತು. ಜಲ್ಲಿಯ ಮೇಲೆ ತುದಿಗಾಲು ಜಾರಿತ್ತು. 195 ಕಿಲೋ ಭಾರವನ್ನು ನನ್ನ 73ರ ಮಂಡಿ ತಡೆಯಲಿಲ್ಲ. ಹಿಂದೆ ಹತ್ತಲು ಬಂದಿದ್ದ ಮೊಮ್ಮಗಳು ಗೇಣಂತರದಲ್ಲಿ ಪಾರಾದಳು.

ಆ ರಾತ್ರಿ ಬ್ಯಾಂಕಿನ ಹಳೇ ಅಭ್ಯಾಸದಂತೆ ಲೆಕ್ಕ ಬರೆದೆ. ಇದರ ಸೀಟಿನ ಎತ್ತರ 805 ಮಿಲಿಮೀಟರ್. ಅವೆಂಜರ್ ಕ್ರೂಸ್ 220ರದು 737. ತೂಕವೂ 163 ಕಿಲೋ, ಅಂದರೆ 32 ಕಿಲೋ ಉಳಿತಾಯ! ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ.

ಹಳೆಯದನ್ನು ಕೊಟ್ಟ ದಿನ ಊಟ ಸೇರಲಿಲ್ಲ. ಆದರೆ ಮೊನ್ನೆ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹಾಸನದಿಂದ ಶ್ರವಣಬೆಳಗೊಳಕ್ಕೆ ಹೋಗಿಬಂದೆವು. ಈಗ ಮನೆಯಲ್ಲೊಂದು ನಿಯಮವಿದೆ: ತಾತ ಎರಡೂ ಕಾಲೂರಿ "ಬಾ ಪುಟ್ಟಿ" ಅಂದ ಮೇಲೆಯೇ ಅವಳು ಹತ್ತಬೇಕು.