ಅಡಿಪಾಯದ ಕೆಳಗಣ ಜಿಪ್ಸಮ್

ವಡೋದರಾ ನಗರದ ಗೋರ್ವಾದಲ್ಲಿ ಮನೆ ಕಟ್ಟಿಸಲು ಹೊರಟ ಕನ್ನಡಿಗನಿಗೆ ಅಲ್ಲಿಯ ಎರೆಮಣ್ಣು ಅಪರಿಚಿತವಾದುದಲ್ಲ. ಧಾರವಾಡ, ಗದಗ, ವಿಜಯಪುರಗಳ ಕಡೆಯಿಂದ ಬಂದವರು ಬೇಸಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬುವ ಈ ನೆಲದ ಸ್ವಭಾವವನ್ನು ಬಾಲ್ಯದಿಂದಲೇ ಬಲ್ಲರು. ಗೋಡೆಯಲ್ಲಿ ಓರೆಯಾದ ಬಿರುಕು ಕಂಡೊಡನೆ ಅದು ಎರೆಯ ದೋಷವೆಂದು ನಿರ್ಣಯಿಸುವುದೂ, ಮಣ್ಣಿಗೆ ಸುಣ್ಣ ಬೆರೆಸಿ ಗಟ್ಟಿ ಮಾಡಬೇಕೆಂದು ಸಲಹೆ ಕೊಡುವುದೂ ವಾಡಿಕೆಯಾಗಿದೆ. ಸಲಹೆ ಬಹುಮಟ್ಟಿಗೆ ಸರಿಯಾದುದೇ. ಆದರೆ ಆ ಮಣ್ಣಿನಲ್ಲಿ ಜಿಪ್ಸಮ್ ಅಡಗಿದ್ದ ಪಕ್ಷದಲ್ಲಿ ಔಷಧವೇ ವ್ಯಾಧಿಯಾಗಿ ಪರಿಣಮಿಸುವುದುಂಟು.

ವಡೋದರೆಯ ಎರೆಭೂಮಿಯನ್ನು ಜಿಪ್ಸಮ್ ಭೂಮಿಯೆಂದು ಕರೆಯುವಂತಿಲ್ಲ. ಗುಜರಾತಿನಲ್ಲಿ ಈ ಖನಿಜದ ಪ್ರಸಿದ್ಧ ನಿಕ್ಷೇಪಗಳಿರುವುದು ಕಚ್ಛ ಮತ್ತು ಸೌರಾಷ್ಟ್ರಗಳಲ್ಲಿ. ಆದರೂ ಅದು ಅಡಿಪಾಯದ ಕೆಳಗೆ ಬಂದು ಸೇರಲು ಎರಡು ದಾರಿಗಳಿವೆ. ಮಳೆ ಕಡಮೆಯಾದ ಸೀಮೆಯ ಎರೆಮಣ್ಣಿನ ಕೆಳಪದರಗಳಲ್ಲಿ ಅದು ಹರಳುಗಟ್ಟಿ ನಿಂತಿರುವುದುಂಟು. ಎರಡನೆಯದಾಗಿ, ತಗ್ಗು ನಿವೇಶನಗಳನ್ನು ತುಂಬಲು ತಂದು ಸುರಿಯುವ ಮಣ್ಣಿನೊಡನೆ ಒಡೆದ ಪ್ಲಾಸ್ಟರ್ ಆಫ್ ಪ್ಯಾರಿಸಿನ ಚೂರು, ಕಾರ್ಖಾನೆಗಳ ತ್ಯಾಜ್ಯ ಮೊದಲಾದವು ಬಂದರೆ ಅವುಗಳೊಡನೆ ಜಿಪ್ಸಮ್ಮೂ ಬರುತ್ತದೆ.

ಆಯುರ್ವೇದವು ಗೋದಂತಿ ಎಂದೂ ಗುಜರಾತಿಯು ಚಿರೋಡಿ ಎಂದೂ ಕರೆಯುವ ಈ ವಸ್ತು ರಸಾಯನ ದೃಷ್ಟಿಯಿಂದ ಕ್ಯಾಲ್ಸಿಯಂ ಸಲ್ಫೇಟು. ಪ್ರತಿಯೊಂದು ಅಣುವಿನೊಡನೆ ಎರಡು ನೀರಿನ ಅಣುಗಳು ಹರಳಿನಲ್ಲಿ ಬಂಧಿತವಾಗಿರುತ್ತವೆ. ಅದರ ತೂಕದಲ್ಲಿ ಸುಮಾರು ಶೇಕಡಾ 21 ಭಾಗ ಈ ನೀರೇ. ಒಣಗಿರುವಾಗ ಅದು ಮಣ್ಣಿನ ಕಣಗಳನ್ನು ಬೆಸೆದು ನೆಲವನ್ನು ಗಟ್ಟಿಯಾಗಿ ತೋರಿಸುತ್ತದೆ. ಬೇಸಗೆಯಲ್ಲಿ ಗುಂಡಿ ತೆಗೆದು ನೋಡಿದವನು ಈ ಗಟ್ಟಿತನವನ್ನು ನಂಬಿ ಮೋಸಹೋಗುತ್ತಾನೆ.

ಜಿಪ್ಸಮ್‌ನ ಮೊದಲನೆಯ ಗುಣ, ನೀರಿನಲ್ಲಿ ಕರಗುವುದು. ಒಂದು ಲೀಟರು ಶುದ್ಧ ಜಲ ಸುಮಾರು 2.4 ಗ್ರಾಂ ಜಿಪ್ಸಮ್ ಅನ್ನು ಕರಗಿಸಿಕೊಳ್ಳುತ್ತದೆ. ಉಪ್ಪುನೀರು ಇನ್ನೂ ಹೆಚ್ಚು. ಒಂದು ಘನಮೀಟರಿಗೆ 1,600 ಕಿಲೋಗ್ರಾಂ ತೂಗುವ ಮಣ್ಣಿನಲ್ಲಿ ಜಿಪ್ಸಮ್ ಶೇಕಡಾ 10ರಷ್ಟಿದ್ದರೆ ಅದರ ಮೊತ್ತ 160 ಕಿಲೋಗ್ರಾಂ. ಇಷ್ಟನ್ನೂ ಕರಗಿಸಲು ಸುಮಾರು 66,700 ಲೀಟರು ನೀರು ಬೇಕು. ಇದು ಅಪಾರವೆಂದು ತೋರಬಹುದು. ಆದರೆ ನಿಮಿಷಕ್ಕೆ ಒಂದು ಲೀಟರಿನಂತೆ ಸೋರುವ ಕೊಳವೆ 46 ದಿನಗಳಲ್ಲಿ ಅಷ್ಟು ನೀರನ್ನು ಹರಿಸಿಬಿಡುತ್ತದೆ. ಹರಿಯುವ ನೀರು ಎಲ್ಲ ಕಡೆಯಲ್ಲಿಯೂ ಪೂರ್ಣವಾಗಿ ತಣಿಯಲಾರದೆಂಬುದು ನಿಜ. ಆದುದರಿಂದ ಕಾಲ ಹೆಚ್ಚು ಹಿಡಿಯಬಹುದು. ಪರಿಣಾಮ ಮಾತ್ರ ಬೇರೆಯಾಗದು: ಕಣಗಳ ಬೆಸುಗೆ ಕಳಚುತ್ತದೆ, ಪೊಳ್ಳುಗಳು ಉಂಟಾಗುತ್ತವೆ, ಕಟ್ಟಡದ ಒಂದು ಮೂಲೆ ಕುಸಿಯುತ್ತದೆ. ಇರಾಕಿನ ಟೈಗ್ರಿಸ್ ನದಿಗೆ ಕಟ್ಟಿದ ಮೋಸುಲ್ ಅಣೆಕಟ್ಟಿನ ತಳದಲ್ಲಿ ಜಿಪ್ಸಮ್ ಪದರಗಳಿರುವುದರಿಂದ 1986ರಿಂದ ಈಚೆಗೆ ಸಿಮೆಂಟಿನ ಗಂಜಿಯನ್ನು ಒತ್ತಡದಿಂದ ತುಂಬುವ ಕೆಲಸ ಮುಂದುವರಿಸಬೇಕಾಗಿ ಬಂದಿತು.

ಎರಡನೆಯ ಗುಣ ಕಾಂಕ್ರೀಟಿಗೆ ಸಂಬಂಧಿಸಿದುದು. ಕರಗಿದ ಸಲ್ಫೇಟು ಸಿಮೆಂಟಿನೊಳಗಣ ಅಲ್ಯೂಮಿನೇಟಿನೊಡನೆ ಕೂಡಿ ಎಟ್ರಿಂಗೈಟ್ ಎಂಬ ಲವಣವನ್ನು ಉಂಟುಮಾಡುತ್ತದೆ. ಇದರ ಒಂದು ಅಣುಸೂತ್ರದಲ್ಲಿ 32 ನೀರಿನ ಅಣುಗಳು ಸೇರಿರುತ್ತವೆ. ಗಟ್ಟಿಯಾದ ಕಾಂಕ್ರೀಟಿನಲ್ಲಿ ಇದು ಬೆಳೆಯಲು ಎಡೆಯಿಲ್ಲದ್ದರಿಂದ ಕಾಂಕ್ರೀಟನ್ನೇ ಸೀಳುತ್ತದೆ. ಭಾರತೀಯ ಮಾನಕ 456 (2000ನೆಯ ಇಸವಿಯದು) ಮಣ್ಣನ್ನು ಅದರಲ್ಲಿರುವ ಸಲ್ಫರ್ ಟ್ರೈಆಕ್ಸೈಡಿನ ಪ್ರಮಾಣಕ್ಕೆ ಅನುಸಾರವಾಗಿ ಐದು ವರ್ಗಗಳಾಗಿ ವಿಂಗಡಿಸಿದೆ. ಶೇಕಡಾ 0.2ಕ್ಕಿಂತ ಕಡಮೆಯಿದ್ದರೆ ಮೊದಲನೆಯ ವರ್ಗ. 2ಕ್ಕಿಂತ ಮೇಲಾದರೆ ಐದನೆಯದು. ಜಿಪ್ಸಮ್‌ನ ತೂಕದ ಶೇಕಡಾ 46.5 ಭಾಗ ಈ ಆಕ್ಸೈಡು. ಆದುದರಿಂದ ಮಣ್ಣಿನಲ್ಲಿ ನೂರಕ್ಕೆ ಒಂದು ಪಾಲು ಜಿಪ್ಸಮ್ ಇದ್ದರೂ ಅದು ಮೊದಲನೆಯ ವರ್ಗವನ್ನು ದಾಟಿ ಎರಡನೆಯದಕ್ಕೆ ಸೇರುತ್ತದೆ.

ಮೂರನೆಯ ಗುಣವೇ ಎರೆಸೀಮೆಯವರು ವಿಶೇಷವಾಗಿ ತಿಳಿಯತಕ್ಕುದು. ಸವುಳಾದ ಎರೆಹೊಲಕ್ಕೆ ರೈತರು ಜಿಪ್ಸಮ್ ಹಾಕುವುದು ವಿದಿತವೇ ಆಗಿದೆ. ಅದರ ಕ್ಯಾಲ್ಸಿಯಂ ಜೇಡಿಯ ಕಣಗಳಿಗೆ ಅಂಟಿದ ಸೋಡಿಯಂ ಅನ್ನು ಹೊರದೂಡುವುದರಿಂದ ಮಣ್ಣು ಸಡಿಲಗೊಂಡು ನೀರು ಇಂಗುತ್ತದೆ. ಅಡಿಪಾಯದ ಮಣ್ಣಿಗೆ ಸುಣ್ಣ ಬೆರೆಸುವುದರಲ್ಲಿಯೂ ಕ್ಯಾಲ್ಸಿಯಂದೇ ಮುಖ್ಯ ಪಾತ್ರ. ಹಾಗಿರಲು, ಎರಡೂ ಕೂಡಿದರೆ ಇಮ್ಮಡಿ ಲಾಭವೆಂದು ಊಹಿಸುವುದು ಸಹಜ. ನಡೆಯುವುದು ಇದಕ್ಕೆ ವಿರುದ್ಧ. ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಜೇಡಿಯ ಅಲ್ಯೂಮಿನಾ ಕರಗಿ ಹೊರಬರುತ್ತದೆ; ಜಿಪ್ಸಮ್ ಸಲ್ಫೇಟನ್ನು ಒದಗಿಸುತ್ತದೆ; ನೀರು ದೊರೆತೊಡನೆ ಕಾಂಕ್ರೀಟನ್ನು ಸೀಳುವ ಅದೇ ಎಟ್ರಿಂಗೈಟ್ ಮಣ್ಣಿನಲ್ಲಿಯೇ ಹುಟ್ಟಿ ನೆಲವನ್ನು ಎತ್ತುತ್ತದೆ. ಅಮೆರಿಕದ ಲಾಸ್ ವೇಗಾಸ್ ನಗರದ ಸ್ಟೂವರ್ಟ್ ಅವೆನ್ಯೂ ಎಂಬ ರಸ್ತೆ, ಸುಣ್ಣದಿಂದ ಗಟ್ಟಿ ಮಾಡಿದ ಕೆಲವೇ ವರ್ಷಗಳಲ್ಲಿ ಉಬ್ಬಿ ಒಡೆಯಿತು. ಅದರ ಕಾರಣವನ್ನು 1986ರಲ್ಲಿ ಮಿಚೆಲ್ ಅವರೂ 1988ರಲ್ಲಿ ಹಂಟರ್ ಅವರೂ ವಿವರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವಪುಲ್ಲಯ್ಯ, ಶ್ರೀಧರನ್ ಮೊದಲಾದವರು ಸುಣ್ಣ ಬೆರೆಸಿದ ಮಣ್ಣಿನ ಬಲದ ಮೇಲೆ ಸಲ್ಫೇಟಿನ ಪರಿಣಾಮವನ್ನು ದೀರ್ಘಕಾಲ ಪರೀಕ್ಷಿಸಿದರು. ಆದಿಯಲ್ಲಿ ಕಂಡ ಬಲ ಕಾಲಾಂತರದಲ್ಲಿ ಕುಗ್ಗಬಹುದೆಂಬ ಎಚ್ಚರಿಕೆ ಇಂತಹ ಪರೀಕ್ಷೆಗಳಿಂದ ದೊರೆಯುತ್ತದೆ.

ಇದರಿಂದ ಚಿಕಿತ್ಸೆಯ ಕ್ರಮವೂ ಸ್ಪಷ್ಟವಾಗುತ್ತದೆ. ಮೊದಲು ಪರೀಕ್ಷೆ, ಆಮೇಲೆ ಸುಣ್ಣ. ನಿವೇಶನದ ಹಲವು ಆಳಗಳಿಂದ ಮಣ್ಣನ್ನೂ, ದೊರೆತರೆ ಅಂತರ್ಜಲವನ್ನೂ ತೆಗೆದು ಸಲ್ಫೇಟಿನ ಪ್ರಮಾಣವನ್ನು ಕಂಡುಕೊಳ್ಳಬೇಕು. ಪ್ರಯೋಗಶಾಲೆಯಲ್ಲಿಯೂ ಒಂದು ಎಚ್ಚರ ಅವಶ್ಯ. ತೇವಾಂಶವನ್ನು ಅಳೆಯಲು ಮಣ್ಣನ್ನು ಸಾಮಾನ್ಯವಾಗಿ 105ರಿಂದ 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸುತ್ತಾರೆ. ಆ ಶಾಖಕ್ಕೆ ಹರಳಿನೊಳಗಣ ನೀರೂ ಹೊರಟು ಲೆಕ್ಕ ತಪ್ಪುವುದರಿಂದ, ಜಿಪ್ಸಮ್ ಇರುವ ಮಣ್ಣನ್ನು 60ರಿಂದ 80 ಡಿಗ್ರಿಯಲ್ಲಿ ಒಣಗಿಸತಕ್ಕುದು.

ಜಿಪ್ಸಮ್ ತೆಳುವಾದ ಪದರದಲ್ಲಿಯೋ ತುಂಬಿದ ಮಣ್ಣಿನಲ್ಲಿಯೋ ಇದ್ದರೆ ಅದನ್ನು ಅಗೆದು ತೆಗೆದು, ಉಬ್ಬದ ಮೊರಮಿನಂತಹ ಮಣ್ಣನ್ನು ಪದರಪದರವಾಗಿ ದಮ್ಮಸ್ಸು ಮಾಡಿ ತುಂಬುವುದು ಉತ್ತಮ. ಉಬ್ಬದ ಜಿಗುಟು ಮಣ್ಣಿನ ಹಾಸನ್ನು ಎರೆಯ ಮೇಲೆ ಹಾಸುವ ವಿಧಾನವನ್ನು ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು ರೂಪಿಸಿದರು, ಮಲಪ್ರಭಾ ಕಾಲುವೆಗಳಲ್ಲಿ ಅದರ ಪ್ರಯೋಗ ನಡೆಯಿತು. ಎರೆ ಆಳವಾಗಿದ್ದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟು ಕಂಬಗಳನ್ನು ಕನಿಷ್ಠ ಪಕ್ಷ 3.5 ಮೀಟರು ಆಳಕ್ಕೆ ಇಳಿಸುವುದುಂಟು. ಋತುವಿನೊಡನೆ ತೇವ ಬದಲಾಗುವ ಮೇಲ್ಪದರದಿಂದ ಕಟ್ಟಡದ ಭಾರವನ್ನು ಬಿಡಿಸುವುದೇ ಇದರ ಉದ್ದೇಶ. ಆದರೆ ಕಂಬ ಹಾದುಹೋಗುವ ಮಣ್ಣಿನಲ್ಲಿ ಸಲ್ಫೇಟಿದ್ದರೆ ಅದರ ಕಾಂಕ್ರೀಟು ಸಾಂದ್ರವಾಗಿಯೂ ಕಡಮೆ ನೀರಿನದಾಗಿಯೂ ಇರಬೇಕು; ಮಣ್ಣಿನ ವರ್ಗವನ್ನು ನೋಡಿ ಸಲ್ಫೇಟು ನಿರೋಧಕ ಸಿಮೆಂಟನ್ನು ಬಳಸಬೇಕು.

ಇವೆಲ್ಲವುಗಳಿಗಿಂತ ಅಲ್ಪವೆಚ್ಚದ ಉಪಾಯವೆಂದರೆ ನೀರನ್ನು ದೂರವಿಡುವುದು. ಜಿಪ್ಸಮ್‌ನ ಮೂರು ಉಪದ್ರವಗಳಿಗೂ ನೀರೇ ವಾಹಕ. ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾದ ಕಟ್ಟೆ, ಛಾವಣಿಯ ನೀರಿಗೆ ದೂರದ ದಾರಿ, ಸೋರಿದರೆ ಕಣ್ಣಿಗೆ ಬೀಳುವಂತೆ ಕಾಲುವೆಯಲ್ಲಿ ಹಾಯಿಸಿದ ಕೊಳವೆ, ಅಡಿಪಾಯದಿಂದ ದೂರದಲ್ಲಿ ಇಂಗುಗುಂಡಿ ಮತ್ತು ಕೈತೋಟ, ಇಷ್ಟು ಮಾಡಿದರೆ ಅರ್ಧ ಚಿಕಿತ್ಸೆ ಮುಗಿದಂತೆ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿಯ ನೆರೆ ವಡೋದರೆಯ ಬಡಾವಣೆಗಳಿಗೆ ನುಗ್ಗಿದುದನ್ನು ಕಂಡವರಿಗೆ, ತುಂಬಿದ ಮಣ್ಣಿನ ಗುಣವನ್ನು ಮೊದಲೇ ತಿಳಿದಿರಬೇಕೆಂಬ ಮಾತು ಅತಿಯೆನಿಸದು.

ಮನೆಗೆ ಸಾಲ ಕೊಡುವ ಬ್ಯಾಂಕು ನಿವೇಶನದ ಹಕ್ಕುಪತ್ರಗಳನ್ನು ದಶಕಗಳಷ್ಟು ಹಿಂದಕ್ಕೆ ಶೋಧಿಸುತ್ತದೆ. ಅದೇ ನಿವೇಶನವನ್ನು ತುಂಬಿದ ಮಣ್ಣು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸುವ ಹೊಣೆ ಮಾತ್ರ ಮನೆ ಕಟ್ಟಿಸುವವನ ಮೇಲೆಯೇ ಉಳಿಯುತ್ತದೆ. ಸುಣ್ಣದ ಚೀಲ ತರುವುದಕ್ಕೆ ಮುಂಚೆ ಆತನು ಮಣ್ಣಿನ ಚೀಲವೊಂದನ್ನು ಪ್ರಯೋಗಶಾಲೆಗೆ ಕಳುಹಿಸತಕ್ಕುದು.